ಹಲ್ಲು ಬಿಚ್ಚಿ ಬರುವ ಟ್ಯಾಬ್

ಸ್ವಲ್ಪ ಸರಿದು ಜಾಗ ಬಿಡಿ, ಹೀರೋ ಎಂಟ್ರಿ ಆಗುತ್ತಿದೆ. ಹೀರೋ ಅಂದರೆ ಈ ಕತೆಯ ಅಂಬರೀಶ ಅಂದುಕೊಂಡಿರಾ? ಅವನು ಬರುತ್ತಾನೆ, ಅವಸರ ಬೇಡ. ಹೀರೋ ನಾನು, ದೇವಿಂದ್ರ. ಯಾದಗಿರಿಯ ಸ್ಟೇಷನ್ ರೋಡಿನಲ್ಲಿ ನನ್ನ ಸೋದರಮಾವ ಗುರಣ್ಣನ ಮೊಬೈಲ್ ಅಂಗಡಿ ಇದೆ. ಅದರ ಕೌಂಟರಿನ ಹಿಂದೆ ನಾನು ಕಾಲರ್ ಎತ್ತಿ ನಿಂತೆನೆಂದರೆ ಚಾರ್ಜರ್ ವೈರ್ ಕೇಳಲು ಬಂದವನು ಟಿ.ವಿ. ಹೊತ್ತುಕೊಂಡು ಹೋಗಬೇಕು. ಬೋಳು ತಲೆಯವನಿಗೆ ಬಾಚಣಿಗೆ ಮಾರುವವರೆಲ್ಲ ಸೈಡ್ ಆ್ಯಕ್ಟರುಗಳು. ನಾನು ಆ ಬಾಚಣಿಗೆಗೂ ಸ್ಕ್ರೀನ್ ಗಾರ್ಡ್ ಹಚ್ಚಿ ಮಾರುವವನು.

ಸುರಪುರದ ಪಕ್ಕದ ರಂಗಂಪೇಟೆಯ ಅಂಬರೀಶ ಹೈಬ್ರಿಡ್ ಟ್ಯಾಬ್ ಕೊಳ್ಳಲೋ ಬೇಡವೋ ಎಂದು ಒದ್ದಾಡಿದ ದಿನ ಅದಕ್ಕೆ ಕ್ಲೈಮ್ಯಾಕ್ಸ್ ಕೊಟ್ಟವನು ಈ ದೇವಿಂದ್ರನೇ. ಬೆಳಗಿನ ರೀಲು ನಾನು ಕಣ್ಣಾರೆ ನೋಡಿಲ್ಲ, ಅದನ್ನು ಅಂಬರೀಶನೇ ಆಮೇಲೆ ಅಳುತ್ತ ಹೇಳಿದ್ದು. ಇಂಟರ್‌ವಲ್ ಆದ ಮೇಲಿನದಕ್ಕೆಲ್ಲ ನಾನೇ ಸಾಕ್ಷಿ.

ತಕರಾರು ಶುರುವಾದದ್ದು ಒಂದು ವಿಡಿಯೋದಿಂದ. ಯಾವುದೋ ದೊಡ್ಡ ಕಂಪನಿಯವರು ಹೊಸ ಟ್ಯಾಬ್ ಬರುತ್ತಿದೆ ಎಂದು ಜಗತ್ತಿಗೆಲ್ಲ ಸಾರಿದ್ದರು. ಕರಿ ಅಂಗಿ ತೊಟ್ಟ ತೆಳ್ಳನೆಯ ಮನುಷ್ಯನೊಬ್ಬ ವೇದಿಕೆಯ ಮೇಲೆ ಬೆಕ್ಕಿನ ಹಾಗೆ ಓಡಾಡುತ್ತ ಅದನ್ನು ತೋರಿಸುತ್ತಿದ್ದ. ಕೀಬೋರ್ಡ್ ಹಚ್ಚಿದರೆ ಲ್ಯಾಪ್‌ಟಾಪ್. ಎಳೆದು ತೆಗೆದರೆ ಟ್ಯಾಬ್. ಪೆನ್ನಿನಿಂದ ಬರೆದರೆ ಥೇಟ್ ಶಾಲೆಯ ಪಾಟಿ. ಅಂಬರೀಶ ಆ ವಿಡಿಯೋವನ್ನು ಎಷ್ಟು ಸಲ ನೋಡಿದ್ದನೆಂದರೆ, ಕರಿ ಅಂಗಿಯವನು ಕೆಮ್ಮುವ ಜಾಗ ಬಂದಾಗ ಇವನೂ ಕೆಮ್ಮುತ್ತಿದ್ದ.

"ರೀ, ಆ ಮನಷ್ಯಾ ನಮ್ಮ ಮನ್ಯಾಗೇ ಠಿಕಾಣಿ ಹೂಡ್ಯಾನಲ್ರಿ," ಎಂದಳು ಹೆಂಡತಿ ಸುಮಲತಾ ಒಲೆಯ ಮುಂದಿನಿಂದ. "ಅವಂಗೂ ಎರಡು ರೊಟ್ಟಿ ಬಡೀಲೇನು?"

"ತಗೋಳದೋ ಬಿಡದೋ ತಿಳೀವಲ್ದು, ಸುಮಾ."

"ತಗೋಳದಾದ್ರ ತಗೋರಿ, ಬಿಡದಾದ್ರ ಬಿಡ್ರಿ. ನಡುವ ನಿಂತು ನನ್ನ ಮೊಬೈಲಿನ ಡಾಟಾ ಯಾಕ ತಿನ್ನಾಕತ್ತೀರಿ?"

ಅಂಬರೀಶನದು ತಮಾಷೆಯ ಆಸೆಯಾಗಿರಲಿಲ್ಲ. ಅವನು ಹೈಸ್ಕೂಲಿನಲ್ಲಿ ಗಣಿತದ ಅತಿಥಿ ಶಿಕ್ಷಕನಾಗಿದ್ದ. ಕಾಯಂ ಮಾಸ್ತರು ಬಂದರು, ಅತಿಥಿ ಮನೆಗೆ ಹೋದ. ಆ ಟ್ಯಾಬ್ ಒಂದಿದ್ದರೆ ಪೆನ್ನಿನಿಂದ ಲೆಕ್ಕ ಬಿಡಿಸುತ್ತ, ಮಾತಾಡುತ್ತ, ಪಾಠದ ವಿಡಿಯೋ ಮಾಡಬಹುದು. ಜಿಲ್ಲೆಯ ಮಕ್ಕಳೆಲ್ಲ ನೋಡುತ್ತಾರೆ. ಟ್ಯೂಷನ್ ಬೆಳೆಯುತ್ತದೆ. ಇದು ಅವನ ಯೋಜನೆ. ಆದರೆ ಬಳಿಚಕ್ರದಲ್ಲಿ ಅವನ ಮಾವ ಹಣಮಂತ್ರಾಯನಿಗೆ ಬೇರೆ ಯೋಜನೆ ಇತ್ತು. ಅಲ್ಲಿ ಕುರಿ ಬಹಳ, ಕುರಿ ಹಿಂದೆ ಹೋಗುವ ಆಳು ಕಡಿಮೆ. ಇತ್ತ ಅಳಿಯ ಖಾಲಿ ಕೂತಿದ್ದಾನೆ.

ಈ ಲೆಕ್ಕ ಬಿಡಿಸಲು ಹಣಮಂತ್ರಾಯನಿಗೆ ಯಾವ ಟ್ಯಾಬೂ ಬೇಕಾಗಲಿಲ್ಲ. ಅದೇ ದಿನ ಬೆಳಿಗ್ಗೆ ಹೆಗಲ ಮೇಲೆ ಟವೆಲ್, ಕೈಯಲ್ಲಿ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಹ್ಞಾಂ ಅಳಿಯಾ, ಏನ್ ತೀರ್ಮಾನ ಆತು? ಹಾಸಿಗಿ ಕಟ್ಟಿಯೋ ಇಲ್ಲೋ?"

ಅಂಬರೀಶ ಮೊಬೈಲನ್ನೇ ಮುಂದೆ ಹಿಡಿದ. "ಮಾವಾ, ಇದೊಂದು ನೋಡ್ರಿ. ಹೊಸಾ ಹೈಬ್ರಿಡ್ ಟ್ಯಾಬ್."

"ಹೈಬ್ರಿಡ್?" ಹಣಮಂತ್ರಾಯನ ಹುಬ್ಬು ಪೇಟದೊಳಗೆ ಹೋಯಿತು. "ಜೋಳದಾಗೂ ಹೈಬ್ರಿಡ್ ಬಂದಿತ್ತು. ರಾಶಿ ನೋಡಿದ್ರ ಗುಡ್ಡ, ರೊಟ್ಟಿ ತಿಂದ್ರ ಚಪ್ಪಲಿ."

"ಅಪ್ಪಾ," ಸುಮಲತಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಕುರಿ ಹಿಕ್ಕಿ ಬಳದು ಬಳದು ಸಾಕಾಗೇ ನಾ ಮಾಸ್ತರನ್ನ ಮಾಡ್ಕೊಂಡೀನಿ. ತಿರುಗಿ ಅಲ್ಲೇ ಕರ್ಕೊಂಡು ಹೋಗಬ್ಯಾಡ. ಅದೇನದೋ ಅದನ್ನರೆ ಕೊಡಿಸು ಅವ್ರಿಗೆ."

ಮಗಳ ಮಾತಿಗೆ ಹಣಮಂತ್ರಾಯ ಕರಗಿದ. ಪೂರ್ತಿ ಅಲ್ಲ, ಅಂಚು ಮಾತ್ರ. "ಕೊಡಸ್ತೀನಿ. ಆದ್ರ ಫೋಟೋ ನೋಡಿ ಕುರಿ ತಗೊಂಡವನ್ನ ನೀ ಎಲ್ಲರೆ ಕಂಡೀಯೇನು? ಕಣ್ಣಿಲೆ ನೋಡಬೇಕು, ಹಲ್ಲು ಹಿಡದು ನೋಡಬೇಕು, ಬೆನ್ನಾಗ ಕೈ ಆಡಸಬೇಕು. ಮಾಲು ಖರೇ ಇತ್ತಂದ್ರ ನಾನೇ ತಗೊಂಡು ಕೊಡ್ತೀನಿ. ಖೊಟ್ಟಿ ಇತ್ತಂದ್ರ ಇವತ್ತೇ ನನ್ನ ಸಂಗಾಟ ಬಳಿಚಕ್ರಕ್ಕ ಬರಬೇಕು. ಕಬೂಲ?"

"ಕಬೂಲ್ರಿ," ಎಂದ ಅಂಬರೀಶ, ಮದುವೆಯಲ್ಲಿ ಅಂದಷ್ಟೇ ಮೆತ್ತಗೆ.

ಈಗ ಟ್ಯಾಬನ್ನು ಕಣ್ಣಾರೆ ನೋಡುವುದೆಲ್ಲಿ? ಅಂಬರೀಶ ಅಂಗಡಿಗಳಿಗೆಲ್ಲ ಫೋನು ತಿರುಗಿಸಿದ. ಕೊನೆಗೆ ನಮ್ಮ ಅಂಗಡಿಗೆ ಬಂತು. ಎತ್ತಿದವನು ನಾನು.

"ಅದು ಅದಾ?" ಎಂದು ಆ ಕಡೆಯಿಂದ ದನಿ ಕೇಳಿತು.

"ಬಾಸ್," ಎಂದೆ ನಾನು, "ಇಡೀ ಜಿಲ್ಲಾಕ್ಕ ಒಂದೇ ಪೀಸು. ಇವತ್ತ ಇಲ್ಲಿ ಅದ, ನಾಳಿ ರಾಯಚೂರಿಗೆ ಹೋಗ್ತದ. ನೋಡೋರು ಇವತ್ತ ಬರಬೇಕು, ನಾಳಿ ಬಂದ್ರ ಬರೇ ಪೋಸ್ಟರು!"

ಕಂಪನಿಯವರು ಜನಕ್ಕೆ ತೋರಿಸಲೆಂದು ಆ ಒಂದೇ ಒಂದು ಟ್ಯಾಬನ್ನು ಊರಿಂದ ಊರಿಗೆ ಕಳಿಸುತ್ತಿದ್ದದ್ದು ನಿಜ. ಉಳಿದದ್ದು ನನ್ನ ಹಿನ್ನೆಲೆ ಸಂಗೀತ.

ಬಾಡಿಗೆಗೆ ಸರದಾರಸಾಬನ ಟಂಟಂ ಗೊತ್ತಾಯಿತು. ಮೂರು ಗಾಲಿಯ ಆ ಗಾಡಿ ಸುರಪುರದಿಂದ ಹೊರಟರೆ ಅದರ ಸದ್ದು ಶಹಾಪುರಕ್ಕೆ ಮೊದಲೇ ಹೋಗಿ ಕಾಯುತ್ತಿರುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ. ಹಣಮಂತ್ರಾಯ ಎಲ್ಲಕ್ಕಿಂತ ಮೊದಲು ಅಳಿಯನ ಹಾಸಿಗೆ ಸುರುಳಿಯನ್ನು ಅದರೊಳಗೆ ಒಗೆದ.

"ಅದ್ಯಾಕ್ರಿ ಮಾವಾ?"

"ಖೊಟ್ಟಿ ಇತ್ತಂದ್ರ ಯಾದಗಿರಿಯಿಂದ ಹಂಗೇ ಸೀದಾ ಹೋಗೋದು. ಎರಡು ಖರ್ಚು ಯಾಕ?"

ಅಷ್ಟರಲ್ಲಿ ಪಕ್ಕದ ಮನೆಯ ಮಲ್ಲಾಬಾಯಿ ಸೆರಗು ಸಿಗಿಸಿಕೊಂಡು ಬಂದು ಕೂತೇಬಿಟ್ಟಳು. ಆಕೆ ಜಂಪರ್, ಅಂದರೆ ರವಿಕೆ, ಹೊಲಿಯುವವಳು. ಬೀದಿಯಲ್ಲಿ ಯಾರ ಮನೆಗೆ ಹೊಸ ಪೊರಕೆ ಬಂದರೂ ಮೊದಲು ಕಸ ಹೊಡೆದು ನೋಡುವವಳು ಆಕೆಯೇ.

"ನೀವೆಲ್ಲಿಗೆ ಅಕ್ಕಾ?"

"ಅದ್ಯಾವುದೋ ಬಿಚ್ಚಿ ಬರೋದು ಅಂದ್ಯಲ್ಲಪಾ. ಏನು ಬಿಚ್ಚತಾರ, ಹ್ಯಾಂಗ ಬಿಚ್ಚತಾರ, ಹೊಳ್ಳಿ ಹ್ಯಾಂಗ ಕೂಡಸ್ತಾರ ಅಂತ ನೋಡಲಿಲ್ಲಂದ್ರ ನನಗ ರಾತ್ರಿ ನಿದ್ದಿ ಹತ್ತಂಗಿಲ್ಲ."

ಗಾಡಿ ಹೊರಟಿತು. ಸರದಾರಸಾಬ ಹಿಂದಕ್ಕೆ ಹೊರಳಿ ಹೊರಳಿ ವಿಷಯ ತಿಳಿದುಕೊಂಡ. ರಸ್ತೆಗಿಂತ ಅವನಿಗೆ ಟ್ಯಾಬಿನ ಮೇಲೆಯೇ ಕುತೂಹಲ.

"ಮಾಸ್ತರ್ ಸಾಬ್, ಇದ್ರಾಗ ಹೊಸಾದೇನದ? ನಮ್ಮ ಟಂಟಂ ಸೈತ ಅದೇ ಅದ. ಸೀಟ್ ಹಾಕಿದ್ರ ಮಂದಿ, ಸೀಟ್ ಬಿಚ್ಚಿದ್ರ ಉಳ್ಳಾಗಡ್ಡಿ. ಎಷ್ಟು ವರ್ಷಾತು ನಾ ಹೈಬ್ರಿಡ್ ಓಡ್ಸಾಕತ್ತಿ! ಯಾರೂ ವಿಡಿಯೋ ಮಾಡ್ಲಿಲ್ಲ ನೋಡ್ರಿ."

"ಹಂಗಲ್ಲ ಸರದಾರಸಾಬ, ಅದು ಒಂದ್ ಸೆಕೆಂಡ್‌ನಾಗ ಬಿಚ್ಚಿ ಬರತದ."

"ನಂದೂ ಬರತದ್ರೀ. ತೋರಸ್ತೀನಿ ತಡೀರಿ."

ಶಹಾಪುರದಲ್ಲಿ ತೋರಿಸಿಯೇಬಿಟ್ಟ. ದೂರದಲ್ಲಿ ಬುದ್ಧನ ಆಕಾರದ ಗುಡ್ಡ ಎಂದಿನಂತೆ ಆರಾಮಾಗಿ ಮಲಗಿತ್ತು. ಇತ್ತ ರಸ್ತೆ ಪಕ್ಕ ಉಳ್ಳಾಗಡ್ಡಿ ಚೀಲಗಳ ಜೊತೆ ಸರದಾರಸಾಬನ ಗಿರಾಕಿ ಕಾಯುತ್ತ ನಿಂತಿದ್ದ. "ಪಾಂಚ್ ಮಿನಿಟ್ರಿ," ಎಂದ ಸರದಾರಸಾಬ, ಎಲ್ಲರನ್ನೂ ಇಳಿಸಿ ಎರಡು ನಟ್ಟು ತಿರುವಿ ಸೀಟನ್ನು ಕಿತ್ತು ಮೇಲೆ ಕಟ್ಟಿದ. ಮಂದಿ ಕೂರುವ ಜಾಗದಲ್ಲಿ ಚೀಲಗಳು ಕೂತವು. ಚೀಲಗಳ ಮೇಲೆ ಮಂದಿ ಕೂತರು. ಮಂದಿಯ ಮೇಲೆ ಹಾಸಿಗೆ ಸುರುಳಿ ಕೂತಿತು.

"ನೋಡಿದ್ಯಾ ಅಳಿಯಾ?" ಚೀಲದ ಮೇಲೆ ಕುಕ್ಕರುಗಾಲಲ್ಲಿ ಕೂತ ಹಣಮಂತ್ರಾಯ ಹೇಳಿದ. "ಹೈಬ್ರಿಡ್ ಅಂದ್ರ ಇದು. ಸೀಟ್ ಬೇಕಂದಾಗ ಸೀಟ್ ಇರಂಗಿಲ್ಲ."

ಉತ್ತರ ಕೊಡಲು ಅಂಬರೀಶ ಬಾಯಿ ತೆರೆದರೆ ಹಾಸಿಗೆಯ ಅರಳೆ ಒಳಗೆ ಹೋಯಿತು. ಟ್ಯಾಬಿನ ಹೊಸ ಪರಿಚಯಕ್ಕೆಂದು ತೊಟ್ಟಿದ್ದ ಬಿಳಿ ಅಂಗಿಗೆ ಉಳ್ಳಾಗಡ್ಡಿ ಸಿಪ್ಪೆ ಅಂಟಿ ಅಂಟಿ, ಭೀಮಾ ಸೇತುವೆ ದಾಟುವ ಹೊತ್ತಿಗೆ ಅವನು ಗರಿ ಉದುರುತ್ತಿರುವ ಕೋಳಿಯ ಹಾಗೆ ಕಾಣುತ್ತಿದ್ದ. ಘಾಟಿಗೆ ಕಣ್ಣಲ್ಲಿ ಧಾರಾಕಾರ ನೀರು. ಮಲ್ಲಾಬಾಯಿ ಮರುಗಿ ಸೆರಗು ಕೊಟ್ಟಳು: "ಅಳಬ್ಯಾಡಪಾ. ಕುರಿ ಕಾಯೋದೂ ಕೆಟ್ಟ ಕೆಲಸ ಅಲ್ಲ."

ಇಂಟರ್‌ವಲ್. ಈಗ ನಾನು.

ನಾಲ್ಕೂ ಜನ ಅಂಗಡಿಯ ಮೆಟ್ಟಿಲು ಹತ್ತಿದಾಗ ನಾನು ಕೂದಲು ಬಾಚಿ ತಯಾರಾಗಿದ್ದೆ. ಗುರಣ್ಣ ಎಂದಿನಂತೆ ಗಲ್ಲೆಯ ಹಿಂದಿನ ಕುರ್ಚಿಗೆ ಬೇರು ಬಿಟ್ಟು ಕೂತಿದ್ದ. ಗಾಜಿನ ಪೆಟ್ಟಿಗೆಯಿಂದ ಟ್ಯಾಬನ್ನು ತೆಗೆದು ಕೌಂಟರ್ ಮೇಲಿಟ್ಟು, ಒಂದು ಸುತ್ತು ತಿರುಗಿ ಡೈಲಾಗ್ ಬಿಟ್ಟೆ:

"ಉಸಿರು ಬಿಗಿ ಹಿಡೀರಿ! ಇದು ಬರೇ ಮಷಿನ್ ಅಲ್ಲ, ಡಬಲ್ ಆ್ಯಕ್ಟಿಂಗ್! ಇಂಟರ್‌ವಲ್ ತನಕ ಅಣ್ಣ ಲ್ಯಾಪ್‌ಟಾಪ್, ಇಂಟರ್‌ವಲ್ ಆದ ಮ್ಯಾಲ ತಮ್ಮ ಟ್ಯಾಬ್! ಸ್ಟೇಷನ್ನಾಗ ತಪ್ಪಿಸಿಕೊಂಡ ಅಣ್ಣ ತಮ್ಮ ಕಡೀಕ ಮ್ಯಾಗ್ನೆಟ್‌ನಾಗ ಕೂಡತಾರ!"

ಹಣಮಂತ್ರಾಯ ಟ್ಯಾಬನ್ನು ನೋಡಲಿಲ್ಲ, ನನ್ನನ್ನು ನೋಡಿದ. "ಇಂವ ಯಾರು? ನಾಟಕದವನೇನು?"

"ನಮ್ಮಕ್ಕನ ಮಗ್ರಿ," ಎಂದ ಗುರಣ್ಣ, ಹಲ್ಲು ನೋವಿನವನ ಹಾಗೆ.

"ಗಂಟಲು ಛಲೋ ಅದ," ಎಂದ ಹಣಮಂತ್ರಾಯ. ಮೆಚ್ಚಿದ ಎಂದು ನಾನು ಕಾಲರ್ ಸರಿಮಾಡಿಕೊಂಡೆ.

"ಬಿಚ್ಚಿ ನೋಡ್ಲೇನು?" ಅಂಬರೀಶ ಕೇಳಿದ. ಅಷ್ಟು ಸಲ ವಿಡಿಯೋದಲ್ಲಿ ಕಂಡದ್ದು ಈಗ ಬೆರಳ ತುದಿಯಲ್ಲಿದೆ. ಪರದೆಯನ್ನು ಮೆತ್ತಗೆ ಎಳೆದ, ಬರಲಿಲ್ಲ. ಇನ್ನಷ್ಟು ಎಳೆದ. ನನಗೋ, ಇಂಥ ಸೀನು ಕಂಡರೆ ನಾಲಿಗೆ ತುರಿಸುತ್ತದೆ. 'ಟಕ್' ಎಂದು ಪರದೆ ಬೇರೆಯಾದದ್ದೇ ತಡ, ಎರಡೂ ಕೈ ತಲೆ ಮೇಲಿಟ್ಟು ಚೀರಿದೆ:

"ಅಯ್ಯಯ್ಯೋ! ಮುರದೇಬಿಟ್ರಲ್ರೀ! ಇಡೀ ಜಿಲ್ಲಾಕ್ಕ ಒಂದೇ ಪೀಸು! ಮಾಮಾ, ಶಟರ್ ಎಳಿ!"

ನನ್ನ ದನಿಗೆ ಸ್ಟೇಷನ್ ರೋಡಿನ ಅರ್ಧ ಜನ ಅಂಗಡಿಗೆ ನುಗ್ಗಿದರು. ಒಂದು ಕೈಯಲ್ಲಿ ಪರದೆ, ಒಂದು ಕೈಯಲ್ಲಿ ಕೀಬೋರ್ಡ್ ಹಿಡಿದ ಅಂಬರೀಶ, ಅಳುವ ಪರರ ಕೂಸುಗಳನ್ನು ಎತ್ತಿಕೊಂಡವನಂತೆ ನಿಂತುಬಿಟ್ಟ.

"ನಾ ಸಾಕ್ಷಿ ಅದೀನಿ!" ಮಲ್ಲಾಬಾಯಿ ಮುಂದೆ ಬಂದಳು. "ಅಂವ ಮೆತ್ತಗ ಎಳದಾನ! ನಿಮ್ಮ ಮಾಲೇ ಹಳತು!"

"ಹಟ್ರೀ, ಹಟ್ರೀ," ಸರದಾರಸಾಬ ತೋಳು ಏರಿಸಿದ. "ನಮ್ಮ ಟಂಟಂ ಸೀಟೂ ಹಿಂಗೇ ಮಾಡ್ತದ. ಮೊಳಕಾಲಿಲೆ ಒಂದು ಕೊಟ್ರ ಬರೋಬ್ಬರಿ ಕೂಡ್ತದ." ಹಾಗೆಂದವನೇ ಪರದೆ, ಕೀಬೋರ್ಡು ಎರಡನ್ನೂ ಕಸಿದು, ಒಂದರ ಮೇಲೊಂದಿಟ್ಟು, ಮೊಣಕಾಲು ಎತ್ತಿಯೇಬಿಟ್ಟ.

ಈಗ ಚೀರುವ ಸರದಿ ನಿಜವಾಗಿ ನನ್ನದು. "ಬ್ಯಾಡ್ರೀ ಚಾಚಾ! ನಾ ಚಾಷ್ಟಿ ಮಾಡೀನಿ! ಅದು ಬಿಚ್ಚಿ ಬರೋದೇ!" ಎಂದು ಹಾರಿ ಅವನ ಮೊಣಕಾಲನ್ನು ತಬ್ಬಿಕೊಂಡೆ. ಕೌಂಟರ್ ಹಾರಿದ ಆ ಜಿಗಿತಕ್ಕೆ ಶಿಳ್ಳೆ ಬೀಳಬೇಕಿತ್ತು. ಬಿದ್ದದ್ದು ಗುರಣ್ಣನ ಚಪ್ಪಲಿ.

ಜನ ಮಾತ್ರ ಹೋಗಲಿಲ್ಲ. ಒಳಗೆ ಬಂದಾಗಿದೆ, ಏನೆಂದು ನೋಡದೆ ಹೋಗುವುದು ಹೇಗೆ? "ಏನದು? ಯಾತಕ್ಕ ಬರತದ? ಮಳಿಯಾಗ ತೋಯ್ದ್ರ?" ಎಂದು ನಾಲ್ಕೂ ಕಡೆಯಿಂದ ಪ್ರಶ್ನೆ ಶುರುವಾದವು. ಚಪ್ಪಲಿ ಹುಡುಕುತ್ತಿದ್ದ ಗುರಣ್ಣನಿಗೆ ಉತ್ತರ ಗೊತ್ತಿರಲಿಲ್ಲ. ನನಗೆ ಡೈಲಾಗ್ ಗೊತ್ತಿತ್ತು, ಉತ್ತರ ಗೊತ್ತಿರಲಿಲ್ಲ.

ಆಗ ಅಂಬರೀಶನೊಳಗಿನ ಮಾಸ್ತರ ಎದ್ದ.

"ಗದ್ದಲ ಬ್ಯಾಡ. ಒಬ್ಬೊಬ್ಬರೇ ಕೇಳ್ರಿ," ಎಂದ. ಅಂಗಡಿ ತರಗತಿಯ ಹಾಗೆ ಗಪ್ಪಾಯಿತು. ಟ್ಯಾಬನ್ನು ಎತ್ತಿ ಹಿಡಿದು, ಪೆನ್ನಿನಿಂದ ಒಂದು ವೃತ್ತ ಎಳೆದ. ಮಲ್ಲಾಬಾಯಿ ಜಂಪರಿನ ಕುತ್ತಿಗೆಯ ಡಿಸೈನ್ ಕೇಳಿದಾಗ ಅದೇ ವೃತ್ತಕ್ಕೆ ಕುಚ್ಚು ಇಳಿಸಿ, ಬಣ್ಣ ತುಂಬಿ, ಅಳತೆ ಬರೆದು ತೋರಿಸಿದ. "ಯವ್ವಾ! ಸೀಸಕಡ್ಡಿ ಇಲ್ಲ, ಕಾಗದ ಇಲ್ಲ, ಅಳಿಸಿದ್ರ ಕಲೆ ಇಲ್ಲ!" ಎಂದು ಆಕೆ ಗಲ್ಲಕ್ಕೆ ಕೈ ಹಚ್ಚಿದಳು. ಬರೆಯುವುದು ಬಹಳ ಇದ್ದರೆ ಕೀಬೋರ್ಡ್ ಯಾಕೆ ಬೇಕು, ಬಸ್ಸಿನಲ್ಲಿ ಹೋಗುವಾಗ ಯಾಕೆ ಬೇಡ, ಯಾರಿಗೆ ಇದು ಉಪಯೋಗ, ಯಾರಿಗೆ ದಂಡ, ಎಲ್ಲವನ್ನೂ ಭಿನ್ನರಾಶಿ ಕಲಿಸಿದ ಹಾಗೆ ಬಿಡಿಸಿಟ್ಟ. "ನಿಮಗ ಬರೇ ಸಿನಿಮಾ ನೋಡೋದಿತ್ತಂದ್ರ ಇದನ್ನ ತಗೋಬ್ಯಾಡ್ರಿ," ಎಂದು ಒಬ್ಬನಿಗೆ ಖಡಾಖಂಡಿತ ಹೇಳಿದ. ಅವನು ಅಷ್ಟಕ್ಕೇ ಮೆಚ್ಚಿ, ಮಗಳ ಓದಿಗೆ ಬೇಕೆಂದು ಒಂದು ಬುಕ್ ಮಾಡಿ ಹೋದ. ಅವನ ಹಿಂದೆ ಇನ್ನೂ ಕೆಲವರು.

ಗುರಣ್ಣ ಕುರ್ಚಿಯಿಂದ ಎದ್ದು ನಿಂತಿದ್ದ. ಊಟಕ್ಕೆ ಬಿ‌ಟ್ಟರೆ ಅವನು ಏಳುವುದನ್ನು ನಾನು ನೋಡಿದ್ದೇ ಕಡಿಮೆ. ನನ್ನ ಎಂಟ್ರಿಯ ಪರಿಣಾಮ ಈಗ ಅವನ ತಲೆಗೆ ಹತ್ತಿತು ಎಂದುಕೊಂಡೆ.

ಜನ ಕರಗಿದ ಮೇಲೆ ಹಣಮಂತ್ರಾಯ ಕೋಲನ್ನು ಮೂಲೆಗಿಟ್ಟು ಕೌಂಟರಿಗೆ ಬಂದ. "ಸರೀರಿ. ಈಗ ನಾ ನೋಡ್ತೀನಿ."

ಟ್ಯಾಬನ್ನು ಎರಡೂ ಕೈಯಲ್ಲಿ ಎತ್ತಿ ತೂಕ ನೋಡಿದ. ಬೆನ್ನು ಸವರಿದ. ಹೊಟ್ಟೆಗೆ ಕಿವಿ ಹಚ್ಚಿದ. "ಬಿಸಿ ಅದ. ಜ್ವರ ಏನು?"

"ಈಗ ಓಡ್ಸಿವಲ್ರಿ ಮಾವಾ, ಅದಕ್ಕ."

"ಹ್ಞೂಂ." ಆಮೇಲೆ ಕೀಬೋರ್ಡ್ ಕಡೆ ಬಗ್ಗಿದ. ಬಿಳಿ ಕೀಲಿಗಳು ಸಾಲಾಗಿ ಹೊಳೆಯುತ್ತಿದ್ದವು. ಒಂದೊಂದನ್ನೇ ಬೆರಳಿನಿಂದ ಒತ್ತಿ, ಅಲುಗಾಡಿಸಿ ನೋಡಿದ. "ಹಲ್ಲು ಎಲ್ಲಾ ಅದಾವ. ಒಂದೂ ಉದುರಿಲ್ಲ. ಎಳೇ ವಯಸ್ಸು." ಅಂಬರೀಶನ ಮುಖದಲ್ಲಿ ದೀಪ ಹತ್ತಿತು. ಹಣಮಂತ್ರಾಯ ಕೀಬೋರ್ಡನ್ನು ಹಿಡಿದು ಮೆಲ್ಲಗೆ ಎಳೆದ. 'ಟಕ್'. ಇಡೀ ಹಲ್ಲಿನ ಸಾಲು ಅವನ ಕೈಗೆ ಬಂತು.

ಹಣಮಂತ್ರಾಯ ಅದನ್ನು ತಿರುವಿ ಬೆಳಕಿಗೆ ಹಿಡಿದು ನೋಡಿದ.

"ಅಳಿಯಾ," ಎಂದ. "ನನಗೂ ಇಂಥಾದ್ದೇ ಸೆಟ್ ಅದ. ಸಂಜಿಕ ಬಿಚ್ಚಿ ನೀರಾಗ ಹಾಕ್ತೀನಿ. ಎಳೇ ಪ್ರಾಣಿಗೆ ಯಾಕ ಬೇಕಾತು ಕಟ್ಟಿಸಿದ ಹಲ್ಲು?"

"ಮಾವಾ, ಅದು ಹಲ್ಲಲ್ರೀ..."

"ನೀ ಗಪ್ಪಿರು." ಹೆಗಲ ಟವೆಲ್ ಜಾಡಿಸಿದ. "ಗುರಣ್ಣಾರ, ಹಸ್ತ ಕೊಡ್ರಿ. ಟವೆಲ್ಲಿನ ಮಾತು ಬರತದೋ ಇಲ್ಲೋ?"

ನಮ್ಮ ಕಡೆಯ ಕುರಿ ಸಂತೆಯಲ್ಲಿ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಕೊಡುವವನೂ ಕೊಳ್ಳುವವನೂ ಕೈ ಸೇರಿಸಿ ಮೇಲೆ ಟವೆಲ್ ಹೊದಿಸುತ್ತಾರೆ. ಯಾವ ಬೆರಳು ಹಿಡಿದರು, ಯಾವುದನ್ನು ಮಡಚಿದರು ಎನ್ನುವುದೇ ಮಾತು. ಸುತ್ತ ನಿಂತವರಿಗೆ ಟವೆಲ್ ಅಲುಗುವುದಷ್ಟೇ ಕಾಣುತ್ತದೆ. ಮೊಬೈಲ್ ಅಂಗಡಿಯವನಿಗೆ ಇದೆಲ್ಲಿ ಬರಬೇಕು ಎಂದು ನಾನು ನಗಲು ತಯಾರಾಗಿದ್ದೆ. ಆದರೆ ಗುರಣ್ಣನ ಕಣ್ಣು ಒದ್ದೆಯಾದವು. "ನಮ್ಮಪ್ಪ ಅಡತಿ ಅಂಗಡ್ಯಾಗ ದಲಾಲಿ ಮಾಡ್ತಿದ್ದರಿ," ಎಂದ. "ಎಷ್ಟು ವರ್ಷಾತೋ ಯಾರರೆ ಟವೆಲ್ ಹಾಸಿ!" ತೋಳು ಮಡಚಿ ಕೈ ಚಾಚಿಯೇಬಿಟ್ಟ.

ಹಣಮಂತ್ರಾಯ ಮೊದಲು ಅವನ ಕಿವಿಯಲ್ಲಿ ಏನೋ ಉಸುರಿದ. ಗುರಣ್ಣ ಒಮ್ಮೆ ಟ್ಯಾಬನ್ನು, ಒಮ್ಮೆ ಅಂಬರೀಶನನ್ನು, ಒಮ್ಮೆ ಯಾಕೋ ನನ್ನನ್ನೂ ನೋಡಿದ. ಆಮೇಲೆ ಶುರುವಾಯಿತು ನೋಡಿ ಫೈಟು.

ಟವೆಲ್ ಏಳುತ್ತದೆ, ಬೀಳುತ್ತದೆ. ಗುರಣ್ಣ ತಲೆ ಅಲ್ಲಾಡಿಸುತ್ತಾನೆ. ಹಣಮಂತ್ರಾಯ ಕೈ ಕಿತ್ತುಕೊಂಡು ಬಾಗಿಲ ತನಕ ಹೋಗಿ, ಚಪ್ಪಲಿ ಮೆಟ್ಟಿ, ತಿರುಗಿ ಬರುತ್ತಾನೆ.

"ಭಾಳ ಕಡದಾಡ್ಲಿಕತ್ತಾರ," ಮಲ್ಲಾಬಾಯಿ ಪಿಸುಗುಟ್ಟಿದಳು. "ನಿಮ್ಮ ಮಾವ ನಿನಗ ಕೊಡಸೇ ಬಿಡ್ತಾನ ಬಿಡು."

"ಬೆರಳ ಹಿಡದಾನ, ಈಗ ಹೊಂಟಿತು ಗಾಡಿ," ಎಂದ ಸರದಾರಸಾಬ.

ಅಂಬರೀಶ ಕೈ ಜೋಡಿಸಿ ನಿಂತಿದ್ದ. ಅವನ ಜೀವನವೇ ಆ ಟವೆಲ್ಲಿನ ಕೆಳಗೆ ಹರಿದಾಡುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಚಾರ್ಜರ್ ಬಿದ್ದ ನೆಪ ಮಾಡಿ ಬಗ್ಗಿ ಕೆಳಗಿನಿಂದ ಇಣುಕಿದೆ. ಹಣಮಂತ್ರಾಯ ಮೊಣಕಾಲಿನಿಂದ ನನ್ನ ತಲೆಯನ್ನು ಪಕ್ಕಕ್ಕೆ ಸರಿಸಿ, ಬಿಡುವಾಗಿದ್ದ ಕೈಯಿಂದ ನನ್ನ ತೋಳನ್ನು ಒಮ್ಮೆ ಹಿಸುಕಿ, ಮತ್ತೆ ಟವೆಲ್ಲಿಗೆ ಹೋದ.

ಕೊನೆಗೆ ಟವೆಲ್ ಹಾರಿತು. "ಮುಗೀತು!" ಎಂದ ಹಣಮಂತ್ರಾಯ. "ಮುಗೀತು!" ಎಂದ ಗುರಣ್ಣ. ಇಬ್ಬರೂ ತಬ್ಬಿಕೊಂಡರು. "ಸರದಾರಸಾಬ, ಅಳಿಯನ ಹಾಸಿಗಿ ಇಳಸು!"

ಅಂಬರೀಶ ಕುಣಿಯುವುದೊಂದು ಬಾಕಿ. "ಹಂಗಾರ ನಾ ಬಳಿಚಕ್ರಕ್ಕ ಬರೋದಿಲ್ಲೇನ್ರಿ?"

"ಇಲ್ಲ."

"ಟ್ಯಾಬ್ ತಗೊಂಡ್ರ್ಯಾ?"

"ಇಲ್ಲ. ಹಲ್ಲು ಬಿಚ್ಚಿ ಬರೋ ಪ್ರಾಣಿ ನಮ್ಮ ಮನಿತನದಾಗ ಯಾರೂ ತಗೊಂಡಿಲ್ಲ."

"ಮತ್ತ ಮುಗದದ್ದೇನ್ರಿ?"

"ನಿಂದು," ಎಂದ ಹಣಮಂತ್ರಾಯ. "ನಾಳಿಂದ ಈ ಅಂಗಡ್ಯಾಗ ನಿಂದ್ರಬೇಕು. ಮಂದಿಗೆ ಹಿಂಗೇ ತಿಳಿಸಿ ಹೇಳಬೇಕು. ಮಗಳಿಗೆ ಕುರಿ ಬ್ಯಾಡಂತ, ಬ್ಯಾಡ ಬಿಡು. ಪಗಾರ ಸುಮಲತಾನ ಕೈಯಾಗ ಬರತದ, ಅದನ್ನೂ ಮಾತಾಡೀನಿ."

ಅಂಬರೀಶ ಫೋನಿನಲ್ಲಿ ಹೆಂಡತಿಗೆ ದೂರು ಹೇಳಿದ. ಅತ್ತಲಿಂದ ಸುಮಲತಾಳ ದನಿ ಅಂಗಡಿಗೆಲ್ಲ ಕೇಳಿತು: "ನಮ್ಮಪ್ಪ ವ್ಯಾಪಾರದಾಗ ಎಂದೂ ಮೋಸ ಹೋದಾಂವ ಅಲ್ಲ. ಎಷ್ಟಕ್ಕ ಮುಗಿಸ್ಯಾನ?" ಅದನ್ನು ಮಾತ್ರ ಹಣಮಂತ್ರಾಯ ಹೇಳಲಿಲ್ಲ.

ಈಗ ಮಾರುವ ಟ್ಯಾಬುಗಳೂ ಅಂಗಡಿಗೆ ಬಂದಿವೆ. ಹೀಗೆ ಅಂಬರೀಶ ದಿನಾ ಸರದಾರಸಾಬನ ಟಂಟಂನಲ್ಲಿ ಬಂದು, ತಾನು ಕೊಳ್ಳಲಾಗದ ಟ್ಯಾಬನ್ನು ಬೇರೆಯವರೆಲ್ಲರೂ ಕೊಳ್ಳುವ ಹಾಗೆ ವಿವರಿಸುತ್ತಾನೆ. ಪೆಟ್ಟಿಗೆ ಕಟ್ಟಿ ಕೊಡುವಾಗ ಅವನ ಮುಖ ನೋಡಿದರೆ ಮಗಳನ್ನು ಗಂಡನ ಮನೆಗೆ ಕಳಿಸುವ ಅಪ್ಪನ ಹಾಗೆ ಇರುತ್ತದಂತೆ.

'ಅಂತೆ' ಯಾಕೆ, ನೀನು ಅಲ್ಲೇ ಇಲ್ಲವೇ ಎಂದು ಕೇಳುತ್ತೀರಿ. ಕೇಳಿ, ನಿಮ್ಮ ಹಕ್ಕು. ಇಷ್ಟು ಹೊತ್ತು ಹೀರೋ ನಾನು ಎಂದದ್ದು ನಾನೇ, ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ಹಣಮಂತ್ರಾಯ ಅಷ್ಟು ದೂರ ಬಂದದ್ದು ಕುರಿ ಹಿಂದೆ ಹೋಗಲು ಒಬ್ಬ ಬೇಕೆಂದು. ಅಳಿಯನನ್ನು ಬಿಟ್ಟು ಬರಿಗೈಯಲ್ಲಿ ಹೋಗುವವನಲ್ಲ ಆತ. ಟವೆಲ್ಲಿನ ಕೆಳಗೆ ಅವತ್ತು ನಡೆದದ್ದು ಮಾರಾಟವೇ ಅಲ್ಲ, ಅದಲುಬದಲು. ಆ ಕಡೆಯಿಂದ ಅಳಿಯ, ಈ ಕಡೆಯಿಂದ ಅಕ್ಕನ ಮಗ.

ಟಂಟಂನಲ್ಲಿ ಅಂಬರೀಶ ಇಳಿದ ಜಾಗಕ್ಕೆ ನನ್ನನ್ನು ಹತ್ತಿಸಿದರು. ನಾನೂ ಒಂದೆರಡು ಡೈಲಾಗ್ ಹೊಡೆದೆ. "ಗಂಟಲು ಹಿಂಗೇ ಇಟ್ಕೋ ತಮ್ಮಾ, ತೋಳ ಬಂದಾಗ ಬೇಕಾಗ್ತದ," ಎಂದ ಹಣಮಂತ್ರಾಯ.

ನನಗೆ ಉಳಿದದ್ದು ಒಂದೇ ಕುತೂಹಲ. ಟವೆಲ್ಲಿನ ಕೆಳಗೆ ಅಷ್ಟು ಹೊತ್ತು ಯಾಕೆ ಹಿಡಿಯಿತು? ಗುರಣ್ಣ ನನ್ನನ್ನು ಬಿಟ್ಟುಕೊಡಲಾಗದೆ ಒದ್ದಾಡಿದನೇ? ಮೊನ್ನೆ ಬಳಿಚಕ್ರದ ತೊಗರಿ ಹೊಲದ ಬದುವಿನಲ್ಲಿ, ಕುರಿಗಳ ಧೂಳಿನ ನಡುವೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಇಬ್ಬರನ್ನೂ ಸಮ ಮಾಡೋದ್ರಾಗ ಹೊತ್ತಾತು," ಎಂದ ಹಣಮಂತ್ರಾಯ. "ನಿನ್ನ ಕಡಿ ತೂಕ ಭಾಳ ಕಡಿಮಿ ಬಿದ್ದಿತ್ತು. ನಾ ಒಲ್ಲೆ ಅಂದೆ. ಕಡೀಕ ನಿಮ್ಮ ಮಾವ ನಿನ್ನ ಮ್ಯಾಲ ಇದೊಂದು ಬ್ಯಾಟರಿ ಇಟ್ಟು ಕೊಟ್ಟ. ಅದಕ್ಕ ಹೂಂ ಅಂದೆ." ಸೊಂಟದಿಂದ ಚಾರ್ಜಿಂಗ್ ಬ್ಯಾಟರಿ, ಅಂದರೆ ಟಾರ್ಚನ್ನು ತೆಗೆದು, ಹಾಡಹಗಲಿನಲ್ಲೇ ಒತ್ತಿ ಬೆಳಕನ್ನು ನನ್ನ ಮುಖಕ್ಕೆ ಬಿಟ್ಟು ತೋರಿಸಿದ.

ಬೆಳಕೇನೋ ಭರ್ಜರಿ ಇದೆ. ದಾರಿಯಲ್ಲಿ ಯಾರೇ ಸಿಕ್ಕರೂ ಹಣಮಂತ್ರಾಯ ಅದನ್ನು ತೋರಿಸಿ ಹೊಗಳುತ್ತಾನೆ. ಪಕ್ಕದಲ್ಲಿ ನಿಂತ ಈ ಹುಡುಗ ಯಾರೆಂದು ಅವರು ಕೇಳಿದರೆ, "ಬ್ಯಾಟರಿ ಜೋಡಿ ಬಂದಾನ," ಎನ್ನುತ್ತಾನೆ.